ಕೋವಿ ದಾಟಿದ ಗಡಿ

ಕುಮಾರಸ್ವಾಮಿ ಲೇಔಟಿನ ನಮ್ಮ ಬಾಡಿಗೆ ಮನೆಯ ಮೇಲಿನ ಮಹಡಿಯಲ್ಲಿ ಕೊಡಗಿನ ಗೆಳೆಯನೊಬ್ಬನಿದ್ದಾನೆ. ಕೈಲ್ ಮುಹೂರ್ತಕ್ಕೆ ಊರಿಗೆ ಹೋಗಿ ಬಂದವನು ಒಂದು ಸಂಜೆ ಕೇಳಿದ: "ತಾತನ ಕೋವಿ ಇಲ್ಲಿಗೆ ತರಬೇಕು ಅಂತ ಅಪ್ಪ ಹೇಳ್ತಿದಾರೆ. ಬಸ್ಸಲ್ಲಿ ಪಾರ್ಸೆಲ್ ಹಾಕಿಸಿದ್ರೆ ನಡೆಯುತ್ತಾ? ನೀನು ಹಳೇ ಕಾಯ್ದೆ ಎಲ್ಲ ಓದ್ತೀಯಲ್ಲ." ಪೊಲೀಸರನ್ನು ಕೇಳದೆ ಅಂಥದ್ದಕ್ಕೆ ಕೈಹಾಕಬೇಡ ಎಂದೆ. ಆದರೆ ಅವನ ಪ್ರಶ್ನೆ ನನ್ನನ್ನು ಬಿಡಲಿಲ್ಲ.

1959ರ ಆಯುಧ ಕಾಯ್ದೆಯಲ್ಲಿ ಕೋವಿ ಇಟ್ಟುಕೊಳ್ಳುವುದಷ್ಟೇ ಅಲ್ಲ, ಅದು ಜಾಗ ಬದಲಿಸುವುದೂ ಸರ್ಕಾರದ ಕಣ್ಣಳತೆಯಲ್ಲಿರುವ ವಿಷಯ. 10ನೇ ಕಲಮು ಆಮದು ರಫ್ತಿಗೆ ಲೈಸೆನ್ಸು ಕೇಳುತ್ತದೆ. 12ನೇ ಕಲಮು ದೇಶದೊಳಗಿನ ಸಾಗಣೆಯನ್ನು ನಿರ್ಬಂಧಿಸುವ ಅಧಿಕಾರವನ್ನು ಕೇಂದ್ರಕ್ಕೆ ಕೊಡುತ್ತದೆ. 41ನೇ ಕಲಮು ಕೆಲವರಿಗೆ ವಿನಾಯಿತಿ ಕೊಡಲು ದಾರಿ ಬಿಡುತ್ತದೆ. ಆ ದಾರಿಯಲ್ಲೇ ಕೊಡವರೂ ಕೊಡಗಿನ ಜಮ್ಮಾ ಹಿಡುವಳಿದಾರರೂ ಲೈಸೆನ್ಸಿಲ್ಲದೆ ಕೋವಿ ಇಟ್ಟುಕೊಂಡಿದ್ದಾರೆ. ಜಿಲ್ಲೆಯ ಹೊರಗೆ ಹೋದಾಗ ಆ ವಿನಾಯಿತಿಗೂ ಮಿತಿ ಬೀಳುತ್ತದೆ: ಒಂದು ರೈಫಲ್ಲು, 100 ತೋಟಾ, ಒಂದು ನಳಿಗೆ ಕೋವಿ, 500 ತೋಟಾ.

ಈ ವಿನಾಯಿತಿಯ ಬೇರು 1857ರ ನಿಶ್ಶಸ್ತ್ರೀಕರಣ ಕಾಯ್ದೆಯಲ್ಲಿದೆ. ಆಯುಧ ಒಪ್ಪಿಸಿ, ಇಲ್ಲವೇ ಪರವಾನಗಿ ಪಡೆಯಿರಿ ಎಂಬ ಆಜ್ಞೆ ಮುಧೋಳ ಸೀಮೆಯ ಹಲಗಲಿಗೂ ಬಂತು. ಬೇಟೆ ಆಡಿ ಬದುಕುತ್ತಿದ್ದ ಬೇಡರಿಗೆ ಆಯುಧವೆಂದರೆ ಅನ್ನ. ಅವರು ಕೊಡಲೊಲ್ಲೆವೆಂದರು. ನವೆಂಬರ್ ಕೊನೆಗೆ ಬ್ರಿಟಿಷ್ ಪಡೆ ಊರಿಗೆ ಬೆಂಕಿ ಇಟ್ಟಿತು. ಡಿಸೆಂಬರಿನಲ್ಲಿ 19 ಮಂದಿಯನ್ನು ನೇಣಿಗೇರಿಸಿದರು. ಅವರ ಕಥೆ ಲಾವಣಿಯಾಗಿ ಉಳಿದು, ನಮ್ಮಲ್ಲನೇಕರು ಅದನ್ನು ಹತ್ತನೇ ತರಗತಿಯ ಪಾಠದಲ್ಲಿ ಓದಿದ್ದೇವೆ.

ನಾಲ್ಕು ವರ್ಷವೂ ತುಂಬುವ ಮೊದಲೇ, 1861ರ ಫೆಬ್ರುವರಿಯಲ್ಲಿ, ಮೈಸೂರು ಮತ್ತು ಕೊಡಗಿನ ಆಯುಕ್ತ ಮಾರ್ಕ್ ಕಬ್ಬನ್ ಕೊಡವರಿಗೆ ಅದೇ ಕಾಯ್ದೆಯಿಂದ ವಿನಾಯಿತಿ ಕೊಟ್ಟ. ಅದಕ್ಕೆ ಹೇಳಿದ ಕಾರಣಗಳು ಅವರ ಶೌರ್ಯ, ನಿಷ್ಠೆ ಮತ್ತು 1837ರಲ್ಲಿ ಅವರು ಕಂಪನಿಗೆ ಮಾಡಿದ ಸಹಾಯ. 1837 ಎಂದರೆ ಅಮರಸುಳ್ಯದ ದಂಗೆಯ ವರ್ಷ. ದಂಗೆ ಎದ್ದವರಲ್ಲಿ ಕೊಡಗಿನ ರೈತರೂ ಇದ್ದರು.

ಇಲ್ಲಿಯೇ ನನಗೆ ತೊಡಕು. ಒಂದೇ ಆಜ್ಞೆ ಒಂದು ಊರನ್ನು ಸುಟ್ಟಿತು, ಇನ್ನೊಂದು ನಾಡಿನ ಮನೆಗಳಲ್ಲಿ ಕೋವಿ ಉಳಿಸಿತು. ಬೇಡರ ಶೌರ್ಯವೇನು ಕಡಿಮೆಯಿತ್ತೇ? ಸರ್ಕಾರ ಅಳೆದದ್ದು ಶೌರ್ಯವನ್ನಲ್ಲ, ಕೋವಿಯ ಬಾಯಿ ಯಾರ ಕಡೆಗೆ ತಿರುಗಿದೆ ಎಂಬುದನ್ನು.

ಹಾಗೆಂದು ಕೊಡವರ ಕೋವಿಯನ್ನು ಬರೀ ಬ್ರಿಟಿಷರ ಬಹುಮಾನ ಎಂದುಬಿಡುವುದೂ ಅನ್ಯಾಯ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸುವ ಪದ್ಧತಿ ಅವರದು. ಕೈಲ್ ಮುಹೂರ್ತದಲ್ಲಿ ಕೋವಿಗೆ ಹೂವಿಟ್ಟು ಪೂಜೆ ಮಾಡುತ್ತಾರೆ. 2019ರಲ್ಲಿ ಕೇಂದ್ರ ಈ ವಿನಾಯಿತಿಯನ್ನು 2029ರವರೆಗೆ ಮುಂದುವರಿಸಿತು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಹೈಕೋರ್ಟು 2021ರಲ್ಲಿ ವಜಾ ಮಾಡಿತು.

ಇಷ್ಟನ್ನೂ ಹೇಳಿದಾಗ ಗೆಳೆಯ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ತಾತ ಬರೀ ಶೌರ್ಯದ ಕಥೆ ಹೇಳ್ತಿದ್ರು. ಹಲಗಲಿ ಹೆಸರೇ ಎತ್ತಿರಲಿಲ್ಲ" ಎಂದ. ಕೋವಿ ಸದ್ಯಕ್ಕೆ ಊರಲ್ಲೇ ಇರಲಿ ಎಂದು ಅಪ್ಪನಿಗೆ ಫೋನಿನಲ್ಲಿ ಹೇಳಿದ. ಮರುದಿನ ಬಂದು ಹಲಗಲಿಯ ಲಾವಣಿ ಇರುವ ಪುಸ್ತಕ ಕೇಳಿ ತೆಗೆದುಕೊಂಡು ಹೋದ.