ಹಗೇವು ಹೋಯ್ತು, ಹಿತ್ತಲೂ ಹೋಗಬೇಕಾ?

ಶಿರಗುಪ್ಪಿ, ಉಗಾರ, ಕಾಗವಾಡ. ಕೃಷ್ಣಾ ನದಿಯ ಸೀಮೆ. ಎತ್ತ ನೋಡಿದರೂ ಕಬ್ಬು. ನೀರಿದೆ, ಮಣ್ಣಿದೆ. ಆದರೆ ಇಂಥ ಕಡೆಯೂ ಕೊತ್ತಂಬರಿಗೆ ಸಂತೆಗೇ ಹೋಗಬೇಕು ಅಂದ್ರೆ ಏನರ್ಥ?

ಸ್ವಲ್ಪ ಹಿಂದಕ್ಕೆ ಹೋಗೋಣ. 1876-78ರ ಭೀಕರ ಬರ ಬೆಳಗಾವಿ ಸೀಮೆಯನ್ನೂ ಬಿಡಲಿಲ್ಲ. ಬರ ಕಂಡವರಿಗೆ ಕೂಡಿಡೋದರ ಬೆಲೆ ಗೊತ್ತಿತ್ತು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ನೆಲ ಅಗೆದು ಹಗೇವು ಮಾಡ್ತಿದ್ರು. ಒಳಗೆ ಹುಲ್ಲು ಹಾಸಿ, ಜೋಳ ತುಂಬಿ, ಬಾಯಿಗೆ ಮಣ್ಣು ಮೆತ್ತೋರು. ಹೊಲದ ಜೋಳದ ನಡುವೆ ತೊಗರಿ, ಕುಸುಬಿ. ಹಿತ್ತಲಲ್ಲಿ ನುಗ್ಗೆ, ಹೀರೇಬಳ್ಳಿ, ಪುಂಡಿಪಲ್ಯ. ಯಾವ ಸರ್ಕಾರವೂ ಹೇಳಿಕೊಟ್ಟಿದ್ದಲ್ಲ ಇದು.

ಸರ್ಕಾರ ಹೇಳಿದ್ದು ಆಮೇಲೆ. 1942ರಲ್ಲಿ ಬರ್ಮಾ ಜಪಾನಿನ ಕೈಸೇರಿತು, ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಆಗ ಬ್ರಿಟಿಷ್ ಸರ್ಕಾರ ‘ಹೆಚ್ಚು ಆಹಾರ ಬೆಳೆಯಿರಿ’ ಅಂತ ಆಂದೋಲನವನ್ನೇ ಶುರು ಮಾಡಿತು. ಆದರೂ 1943ರಲ್ಲಿ ಬಂಗಾಳದಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸತ್ತರು. ಅದೇ ಯುದ್ಧಕಾಲದಲ್ಲಿ ಅಮೆರಿಕ, ಇಂಗ್ಲೆಂಡಿನ ಜನ ಮನೆಯಂಗಳದಲ್ಲೇ ತರಕಾರಿ ಬೆಳೆದರು. 1965ರಲ್ಲಿ ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ವಾರಕ್ಕೊಂದು ಹೊತ್ತು ಊಟ ಬಿಡಿ ಅಂದರು. ತಮ್ಮ ಸರ್ಕಾರಿ ಬಂಗಲೆಯ ಹುಲ್ಲುಹಾಸನ್ನೇ ಉತ್ತರು.

ನಮ್ಮಲ್ಲಿ ಏನಾಯ್ತು? 1939ರಲ್ಲಿ ಉಗಾರ ಸಕ್ಕರೆ ಕಂಪನಿ ಹುಟ್ಟಿತು. ಮುಂದೆ ನೀರಾವರಿ ಬೆಳೀತು, ಕಾರ್ಖಾನೆಗಳು ಹೆಚ್ಚಿದವು. ಕಬ್ಬು ಮನೆ ಕಟ್ಟಿಸಿತು, ಮಕ್ಕಳನ್ನ ಓದಿಸಿತು. ಅದನ್ನ ಅಲ್ಲಗಳೆಯೋಕಾಗಲ್ಲ. ಆದರೆ ಕಬ್ಬಿನ ಬಿಲ್ಲು ಬರೋದು ವರ್ಷಕ್ಕೊಮ್ಮೆ, ಅದೂ ಕಾರ್ಖಾನೆ ಕೊಟ್ಟಾಗ. ಹೊಟ್ಟೆ ಹಸಿಯೋದು ದಿನಾ!

2005, 2019ರಲ್ಲಿ ಕೃಷ್ಣೆ ಉಕ್ಕಿದಾಗ ದಾರಿಗಳೇ ಬಂದ್. 2020ರಲ್ಲಿ ಲಾಕ್‌ಡೌನ್, ಸಂತೆಯೂ ಬಂದ್. ‘ನೆರೆ ಬಂದ್ರೆ ಹಿತ್ತಲೂ ಮುಳುಗುತ್ತಲ್ರೀ’ ಅಂತೀರಾ? ನಿಜ. ಆದರೆ ನೀರಿಳಿದ ಮೇಲೆ ಬಿತ್ತಿದ ಮೆಂತ್ಯ ತಿಂಗಳೊಳಗೆ ಕೈಗೆ ಬರುತ್ತೆ. ಕಬ್ಬಿಗೆ ವರ್ಷ ಬೇಕು.

ಕಬ್ಬು ಕಿತ್ತು ಹಾಕಿ ಅಂತ ಯಾರೂ ಹೇಳ್ತಿಲ್ಲ. ಬಚ್ಚಲ ನೀರು ಹರಿಯೋ ಜಾಗದಲ್ಲಿ ನಾಲ್ಕು ಮಡಿ ಸೊಪ್ಪು, ಗೋಡೆಗೊಂದು ಅವರೆಬಳ್ಳಿ. ಬೀಜ ಹೆಚ್ಚಾದರೆ ಪಕ್ಕದ ಮನೆಗೆ. ಹಗೇವು ಮುಚ್ಚಿದ್ದು ಬರಗಾಲವಲ್ಲ ಸ್ವಾಮಿ, ಸುಗ್ಗಿ ಕಾಲ. ಕೈಯಲ್ಲಿ ದುಡ್ಡಿದೆ ಅಂತ ಹಿತ್ತಲನ್ನೂ ಮುಚ್ಚಿದರೆ, ದಾರಿ ಬಂದಾದ ದಿನ ಆ ದುಡ್ಡನ್ನ ಬೇಯಿಸೋಕಾಗುತ್ತಾ?