ಊರ ಕಸ, ಹೊಲದ ಗೊಬ್ಬರ

ಒಂದರ ಬೆನ್ನಿಗೊಂದು ಕೂಸನ್ನು ಕಳೆದುಕೊಂಡ ತಾಯಿ ಮತ್ತೊಮ್ಮೆ ಹೆತ್ತಾಗ, ಆ ಶಿಶುವನ್ನು ಗಳಿಗೆಯ ಮಟ್ಟಿಗೆ ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಂಡು, ತಿಪ್ಪಯ್ಯನೆಂದೋ ತಿಪ್ಪಮ್ಮನೆಂದೋ ಹೆಸರಿಡುವ ಪದ್ಧತಿ ಕನ್ನಡ ನಾಡಿನ ಹಳ್ಳಿಗಳಲ್ಲಿ ಬಹುಕಾಲ ರೂಢಿಯಲ್ಲಿತ್ತು. ಹೀನವೆನಿಸಿದ ವಸ್ತುವಿನ ಮೇಲೆ ಮೃತ್ಯುವಿನ ಕಣ್ಣು ಬೀಳದೆಂಬುದು ಈ ಆಚಾರಕ್ಕೆ ಸಾಮಾನ್ಯವಾಗಿ ಹೇಳುವ ಕಾರಣ. ಆದರೆ ಅದೇ ತಿಪ್ಪೆಗೆ ದೀಪಾವಳಿಯ ಸಂಜೆ ಹೂವೇರಿಸಿ, ಹಣತೆಯಿಟ್ಟು ಕೈಮುಗಿಯುತ್ತಿದ್ದ ಜನ ಅದನ್ನು ಬರಿಯ ಹೀನವಸ್ತುವೆಂದು ಬಗೆದಿದ್ದರೆಂದು ನಂಬಲು ನನ್ನ ಮನಸ್ಸು ಒಪ್ಪುವುದಿಲ್ಲ. ಕೊಳೆತದ್ದು ಮತ್ತೆ ಹಸುರಾಗುವ ಸ್ಥಳವೊಂದು ಹಿತ್ತಿಲಿನಾಚೆಯೇ ಇರುವುದನ್ನು ಅವರು ದಿನವೂ ಕಾಣುತ್ತಿದ್ದರು. ಕೂಸನ್ನು ಅದರ ಮಡಿಲಿಗಿಟ್ಟು ಬೇಡಿಕೊಂಡದ್ದು ಆ ಕಾಣ್ಕೆಯಿಂದಲೇ ಇದ್ದೀತು.

ಹೊಸಕೋಟೆಯ ಕಡೆಯ ನಮ್ಮ ಅಜ್ಜಿಯ ಮನೆಯಲ್ಲಿ ಕಸವೆಂಬ ಒಂದೇ ಪದಾರ್ಥವಿರಲಿಲ್ಲ. ಕೊಟ್ಟಿಗೆಯ ಸಗಣಿಯೂ ಗಂಜಲದಲ್ಲಿ ನೆನೆದ ಹುಲ್ಲೂ ಮಂಕರಿಯಲ್ಲಿ ತಿಪ್ಪೆಗೆ ಹೋಗುತ್ತಿದ್ದುವು. ಒಲೆಯ ಬೂದಿ ಒಡಕು ಮಡಕೆಯೊಂದರಲ್ಲಿ ಬೇರೆಯಾಗಿ ನಿಂತು, ಪಾತ್ರೆ ಬೆಳಗುವುದಕ್ಕಿಷ್ಟು ಬದನೆಯ ಮಡಿಗಿಷ್ಟು ಎಂದು ಸಲ್ಲುತ್ತಿತ್ತು. ಕಲಗಚ್ಚು ಎಮ್ಮೆಗೆ, ಹಳೆಯ ಕಬ್ಬಿಣ ಗುಜರಿಯವನಿಗೆ. ಒಡೆದ ಬಳೆಯ ಚೂರುಗಳಿಗೆ ಮಾತ್ರ ಕಳ್ಳಿಬೇಲಿಯ ಬುಡದಲ್ಲಿ ಪ್ರತ್ಯೇಕವಾದ ಒಂದು ಗುಳಿ. ಚಿಕ್ಕಂದಿನಲ್ಲಿ ಒಮ್ಮೆ ನಾನು ಬಳೆಚೂರುಗಳನ್ನು ಗುಡಿಸಿದ ಕಸದೊಡನೆಯೇ ತಿಪ್ಪೆಗೆ ಸುರಿದು ಬಂದಾಗ, ಅಜ್ಜಿ ಸೆರಗನ್ನು ಸಿಕ್ಕಿಸಿಕೊಂಡು ಅಲ್ಲಿ ಕುಕ್ಕುರುಗಾಲಿನಲ್ಲಿ ಕೂತು, ಒಂದೊಂದೇ ಚೂರನ್ನು ಆರಿಸಿ ತೆಗೆದಳು. “ಈಗ ತಿಪ್ಪೇಗ್ ಹಾಕಿದ್ದು ಮುಂದಿನ್ ವರ್ಷ ಅಂಗಾಲ್ಗೆ ಬತ್ತದೆ ಮಗ” ಎಂದದ್ದಿಷ್ಟೆ. ಬರಿಗಾಲಿನಲ್ಲಿ ರಾಗಿಯ ಪೈರು ನೆಡುವವರ ಪಾದವೂ ನೇಗಿಲೆಳೆಯುವ ಎತ್ತಿನ ಗೊರಸೂ ಅವಳ ಕಣ್ಣ ಮುಂದಿದ್ದುವು. ಕಸವನ್ನು ಬೇರ್ಪಡಿಸತಕ್ಕದ್ದೆಂದು ಇಂದು ಶಾಸನ ಹೇಳುವುದನ್ನು ಅವಳಿಗೆ ಹೇಳಿಕೊಟ್ಟದ್ದು ಆ ಅಂಗಾಲು.

ಊರಿನ ಕಸ ಹೊಲಕ್ಕೆ ಹೋಗುವ ಈ ದಾರಿ ಹಳ್ಳಿಗೆ ಮಾತ್ರ ಸೀಮಿತವಾದುದಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ತರುವಾಯ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕನನ್, 1807ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ, ಇಲ್ಲಿನ ರೈತರು ಗೊಬ್ಬರವನ್ನು ಕೂಡಿಡುವ ಎಚ್ಚರಿಕೆಯನ್ನು ಬರೆದಿಟ್ಟಿದ್ದಾನೆ. ಬೆಂಗಳೂರು ಪೇಟೆಗೆ ಸಮೀಪದ ರೈತರು ಎತ್ತುಗಳ ಮೇಲೆ ಚೀಲಗಳನ್ನು ಹೇರಿ ಕಳುಹಿಸಿ, ಪೇಟೆಯ ಬೂದಿಯನ್ನೂ ಮಲವನ್ನೂ ಕಸವನ್ನೂ ಜಾಡಮಾಲಿಗಳಿಂದ ಪಡೆದು ಕೊಂಡೊಯ್ಯುತ್ತಿದ್ದ ಸಂಗತಿಯೂ ಅದರಲ್ಲಿದೆ. ಪೇಟೆಯ ಸುತ್ತ ಕೆರೆಗಳ ಕೆಳಗೆ ತಿಗಳರು ಬೆಳೆದ ಸೊಪ್ಪು ತರಕಾರಿ ಬೆಳಗಾಗುವ ಮೊದಲೇ ಪೇಟೆಗೆ ಬರುವುದು, ಪೇಟೆಯವರು ಉಂಡು ಉಳಿದದ್ದು ಮತ್ತೆ ಆ ಮಣ್ಣಿಗೇ ಮರಳುವುದು: ಬೆಂಗಳೂರು ದೀರ್ಘಕಾಲ ಬಾಳಿದ ಬಗೆ ಇದು.

ಅಗ್ನಿಯ ದಾರಿ ಬಂದದ್ದು ಪಶ್ಚಿಮದಿಂದ. 1874ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ಆಲ್ಫ್ರೆಡ್ ಫ್ರೈಯರನು ಊರ ಕಸವನ್ನು ಸುಡುವ ಕುಲುಮೆಯನ್ನು ನಿಲ್ಲಿಸಿದನು. ಅಲ್ಲಿನ ಮನೆಗಳ ಅಗ್ಗಿಷ್ಟಿಕೆಗಳಿಂದ ಬಂದ ಕಸದಲ್ಲಿ ಅರೆಬೆಂದ ಕಲ್ಲಿದ್ದಲು ಹೇರಳವಾಗಿದ್ದುದರಿಂದ ಕಸವೇ ಇಂಧನವಾಯಿತು. ನಮ್ಮ ಕಸದ ಪ್ರಕೃತಿಯೇ ಬೇರೆ. ಬಾಳೆಯೆಲೆ, ತೆಂಗಿನ ಚಿಪ್ಪು, ಸೊಪ್ಪಿನ ದಂಟು, ಮಿಕ್ಕ ಅನ್ನ, ಇವುಗಳ ಮೇಲೆ ನಾಲ್ಕು ತಿಂಗಳ ಮಳೆ. ಇಂಥದನ್ನು ಸುಡುವುದೆಂದರೆ ಮೊದಲು ನೀರನ್ನು ಕಾಯಿಸಿ ಆವಿಯಾಗಿಸಬೇಕಾಗುತ್ತದೆ. ಆದರೂ 1898ರಲ್ಲಿ ಪ್ಲೇಗು ಬೆಂಗಳೂರಿಗೆ ಕಾಲಿಟ್ಟು ಜನ ಮನೆಮಠಗಳನ್ನು ತೊರೆದು ಓಡಿದ ದಿನಗಳ ತರುವಾಯ, ಕಸವೆಂದರೆ ಕಣ್ಣಿಂದ ಮರೆಯಾಗತಕ್ಕ ಭಯವಸ್ತುವೆಂಬ ಭಾವನೆ ನಗರದಲ್ಲಿ ಬೇರೂರಿತು. ಆ ಭಯವನ್ನು ನಾನು ಹಳಿಯಲಾರೆ. ಹೆಣಗಳನ್ನು ಹೊತ್ತವರ ಭಯವದು.

ಆ ಭಯಕ್ಕೂ ಹೊಲದ ಹಸಿವಿಗೂ ಒಟ್ಟಿಗೆ ಉತ್ತರ ಹುಡುಕಿದ ಪ್ರಯತ್ನವು ಬೆಂಗಳೂರಿನಲ್ಲಿಯೇ ನಡೆಯಿತೆಂಬುದು ನಮ್ಮ ನಗರವು ಹೆಮ್ಮೆಯಿಂದ ನೆನೆಯಬೇಕಾದ, ಆದರೆ ಹೆಚ್ಚು ನೆನೆಯದಿರುವ ಸಂಗತಿ. ಮ್ಯಾಂಚೆಸ್ಟರಿನಲ್ಲಿ ಚರಂಡಿನೀರಿನ ಶುದ್ಧೀಕರಣದಿಂದ ಹೆಸರಾದ ಗಿಲ್ಬರ್ಟ್ ಫೌಲರ್ 1916ರಲ್ಲಿ ಟಾಟಾ ವಿಜ್ಞಾನ ಮಂದಿರಕ್ಕೆ ಬಂದು, ಮಲಿನವಸ್ತುಗಳಲ್ಲಿನ ಸಾರಜನಕವನ್ನು ನೆಲಕ್ಕೆ ಉಳಿಸಿಕೊಡುವ ಬಗೆಯನ್ನು ಶೋಧಿಸತೊಡಗಿದರು. ಇಂದೂರಿನಲ್ಲಿ ಆಲ್ಬರ್ಟ್ ಹೋವರ್ಡ್ ಮತ್ತು ಯಶವಂತ ವಾಡ್ ಅವರು ಕೃಷಿಯ ಕಸದಿಂದ ಗೊಬ್ಬರ ಮಾಡುವ ಕ್ರಮವನ್ನು ರೂಪಿಸಿ 1931ರಲ್ಲಿ ಗ್ರಂಥವಾಗಿಸಿದರು. ಅನಂತರ 1939ರಲ್ಲಿ ಸಿ. ಎನ್. ಆಚಾರ್ಯ ಅವರು ಊರ ಕಸಕ್ಕೆಂದೇ ರೂಪಿಸಿದ ಕ್ರಮವು ‘ಬೆಂಗಳೂರು ಪದ್ಧತಿ’ ಎಂಬ ಹೆಸರಿನಿಂದ ಪಠ್ಯಪುಸ್ತಕಗಳನ್ನು ಸೇರಿತು.

ಅದರ ಕ್ರಿಯೆ ಸರಳವಾದುದು. ಊರಿನ ಹೊರಗೆ 3 ಅಡಿ ಆಳದ ಉದ್ದನೆಯ ಕಂದಕ ತೋಡಿ, 6 ಅಂಗುಲ ಕಸ, ಅದರ ಮೇಲೆ 2 ಅಂಗುಲ ಮಲ, ಮತ್ತೆ ಕಸ, ಮತ್ತೆ ಮಲ, ಹೀಗೆ ನೆಲದಿಂದ ಅಡಿಯಷ್ಟು ಮೇಲೇರುವವರೆಗೆ ಪದರಪದರವಾಗಿ ತುಂಬಿ, ಕಸದ ದಪ್ಪ ಹೊದಿಕೆ ಹಾಸಿ, ತೋಡಿದ ಮಣ್ಣಿನಿಂದಲೇ ಮುಚ್ಚುವುದು. ವಾರದೊಳಗಾಗಿ ಒಡಲಿನ ಕಾವು 60 ಡಿಗ್ರಿ ಸೆಂಟಿಗ್ರೇಡನ್ನು ದಾಟುತ್ತದೆ. ಎರಡು ಮೂರು ವಾರ ನಿಲ್ಲುವ ಆ ಕಾವಿನಲ್ಲಿ ರೋಗಾಣುಗಳೂ ನೊಣದ ಮರಿಗಳೂ ನಶಿಸುತ್ತವೆ. ಪದರಗಳನ್ನು ಸರಿಯಾಗಿ ಹಾಕಿದ್ದಕ್ಕೆ ಗುರುತೇನೆಂದರೆ, ಮೇಲೆ ನಡೆದವನ ಕಾಲು ಹೂಳಬಾರದು. ನಾಲ್ಕಾರು ತಿಂಗಳಿಗೆ ಅಗೆದರೆ ದುರ್ಗಂಧವಿಲ್ಲದ, ಕಪ್ಪಾದ, ಪುಡಿಪುಡಿಯಾದ ಗೊಬ್ಬರ. ಅಗ್ನಿ ಮಾಡುವ ಶುದ್ಧಿಯನ್ನು ಹೊಗೆಯಿಲ್ಲದೆ, ಸಾರಜನಕವನ್ನು ಆಕಾಶಕ್ಕೆ ತೆರದೆ, ಮಣ್ಣಿನ ಕಾವಿನಿಂದಲೇ ಸಾಧಿಸಿದ್ದು ಈ ಪದ್ಧತಿಯ ಹಿರಿಮೆ.

ಆದರೆ ಆ ಮಲವನ್ನು ಹೊತ್ತವರು ಯಾರೆಂಬ ಪ್ರಶ್ನೆಯನ್ನು ದಾಟಿಹೋಗುವುದು ಅಧರ್ಮವಾದೀತು. ಬುಕನನ್ ಕಂಡ ಜಾಡಮಾಲಿಗಳಿಂದ ಹಿಡಿದು ಪುರಸಭೆಗಳ ಕಂದಕಗಳವರೆಗೆ, ಆ ಭಾರವೆಲ್ಲ ಬಿದ್ದದ್ದು ಜಾತಿಯ ಕಾರಣದಿಂದ ಬೇರೆ ಕಸುಬೇ ಇಲ್ಲದಂತೆ ಕಟ್ಟಿಹಾಕಲ್ಪಟ್ಟ ಜನರ ತಲೆಯ ಮೇಲೆ. 1970ರ ದಶಕದ ಆದಿಯಲ್ಲಿ, ದೇವರಾಜ ಅರಸರ ಮಂತ್ರಿಮಂಡಲದಲ್ಲಿದ್ದ ಬಿ. ಬಸವಲಿಂಗಪ್ಪನವರು ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದಾಗ, ಗೊಬ್ಬರದ ಲೆಕ್ಕಾಚಾರಕ್ಕಿಂತ ಮಿಗಿಲಾದ ಒಂದು ಋಣದ ಅಲ್ಪಾಂಶ ಸಂದಿತು. ಹಳೆಯ ದಾರಿಯನ್ನು ಹೊಗಳುವ ಯಾರೂ ಇದನ್ನು ಮರೆಯಲಾಗದು.

ಅಷ್ಟರಲ್ಲಿ ಸೀಮೆಗೊಬ್ಬರದ ಚೀಲ ಹಳ್ಳಿಯ ಅಂಗಡಿಗೂ ಬಂದಿತ್ತು. 1975ರಲ್ಲಿ ಸರ್ಕಾರವು ನಗರದ ಕಸವನ್ನು ಹೊಲಕ್ಕೆ ಮರಳಿಸಲೆಂದೇ ಕಾಂಪೋಸ್ಟ್ ಅಭಿವೃದ್ಧಿ ನಿಗಮವನ್ನು ಸ್ಥಾಪಿಸಿತಾದರೂ, ಪ್ಲಾಸ್ಟಿಕ್ ಚೀಲ ಮನೆಮನೆಗೂ ಹೊಕ್ಕು, ಅನ್ನವೂ ಬ್ಲೇಡೂ ಒಂದೇ ಗಂಟಿನಲ್ಲಿ ಬೀದಿಗೆ ಬೀಳತೊಡಗಿದಂದಿನಿಂದ ಆ ಗೊಬ್ಬರದ ಮೇಲೆ ರೈತನ ನಂಬಿಕೆ ಕುಗ್ಗಿತು. ಬೆರೆತ ಕಸ ಬೆಂಗಳೂರಿನ ಹೊರವಲಯದ ಮಾವಳ್ಳಿಪುರಕ್ಕೂ ಮಂಡೂರಿಗೂ ಲಾರಿಗಳಲ್ಲಿ ಹೋಗಿ ಬೆಟ್ಟವಾಯಿತು. ರಾಗಿ, ತರಕಾರಿ ಬೆಳೆದು ನಗರವನ್ನು ಸಾಕಿದ ಸೀಮೆಯ ಹಳ್ಳಿಗಳಿಗೆ ನಗರ ಮರಳಿಸಿದ್ದು ಬಾವಿಗಿಳಿಯುವ ಕರಿನೀರನ್ನು. 2012ರಲ್ಲಿ ಮಾವಳ್ಳಿಪುರದ ಬಾಗಿಲು ಮುಚ್ಚಿತು, ನಗರದ ಬೀದಿಗಳಲ್ಲಿ ಕಸ ಕೊಳೆಯಿತು. ಆ ವರ್ಷವೇ ಉಚ್ಚ ನ್ಯಾಯಾಲಯವು ಮೂಲದಲ್ಲಿಯೇ ಕಸ ಬೇರ್ಪಡಿಸಬೇಕೆಂದು ವಿಧಿಸಿತು. 2014ರಲ್ಲಿ ಮಂಡೂರಿನವರೂ ಲಾರಿಗಳನ್ನು ತಡೆದು ನಿಂತರು.

ಕುಲುಮೆಯ ಆಸೆ ಮರಳಿದ್ದು ಇಂಥ ಸಂಕಟದಲ್ಲಿ. ದೆಹಲಿಯ ತಿಮಾರ್‌ಪುರದಲ್ಲಿ 1987ರಲ್ಲಿ ದಿನಕ್ಕೆ 300 ಟನ್ ಕಸ ಸುಟ್ಟು 3.75 ಮೆಗಾವ್ಯಾಟ್ ವಿದ್ಯುತ್ತು ತೆಗೆಯಲು ಡೆನ್ಮಾರ್ಕಿನ ಯಂತ್ರಗಳಿಂದ ಕಟ್ಟಿದ ಸ್ಥಾವರವು ಮೂರು ವಾರದಷ್ಟೇ ನಡೆದು ನಿಂತುಹೋಗಿತ್ತು; ಕಸದಲ್ಲಿ ಉರಿಯುವ ಸತ್ತ್ವ ಸಾಲದೆ ಹೋದದ್ದೇ ಕಾರಣ. ಈಗ ಬಿಡದಿಯಲ್ಲಿ, ರೇಷ್ಮೆಗೂ ಮಾವಿಗೂ ಹೆಸರಾದ ರಾಮನಗರದ ಸೀಮೆಯಲ್ಲಿ, ದಿನಕ್ಕೆ 600 ಟನ್ ಸುಟ್ಟು 11.5 ಮೆಗಾವ್ಯಾಟ್ ಪಡೆಯುವ ಉದ್ದೇಶದ ಸ್ಥಾವರ ಎದ್ದಿದೆ. ಮತ್ತಾವುದಕ್ಕೂ ಒದಗದ ಒಣ ಚಿಂದಿಗೆ ಕುಲುಮೆ ಬೇಕಾದೀತೆಂಬುದನ್ನು ನಾನು ಒಪ್ಪುತ್ತೇನೆ. ಆದರೆ 600 ಟನ್ನಿನ ಹಸಿವುಳ್ಳದ್ದಕ್ಕೆ ದಿನವೂ ಅಷ್ಟನ್ನು ಉಣಿಸಲೇಬೇಕು. ಕಾಗದ, ಪ್ಲಾಸ್ಟಿಕ್ಕನ್ನು ಆರಿಸಿ ಮಾರಿ ಬದುಕುವವರ ತುತ್ತು ಅದರ ಬಾಯಿಗೆ ಹೋದೀತೆಂಬ ಭಯ ನನಗಿದೆ. ಅದರ ಬೂದಿಯೂ ಅಜ್ಜಿಯ ಒಲೆಯ ಬೂದಿಯಲ್ಲ. ಬಣ್ಣ, ಬ್ಯಾಟರಿ, ಲೋಹಗಳ ಶೇಷವನ್ನು ಹೊತ್ತ ಅದನ್ನು ಬದನೆಯ ಮಡಿಗೆ ಎರಚುವಂತಿಲ್ಲ. ಅರ್ಧಕ್ಕೂ ಮಿಗಿಲಾದ ಹಸಿ ಕಸವಂತೂ ಮಾಲೂರು, ಹೊಸಕೋಟೆ, ದೊಡ್ಡಬಳ್ಳಾಪುರಗಳ ಮಣ್ಣು ನಗರಕ್ಕೆ ಕೊಟ್ಟ ಸಾಲ.

ಮುಂಗಾರಿಗೆ ಮುನ್ನ ಒಂದು ದಿನ, ಮಾಲೂರಿನ ದಾರಿಯ ಹೊಲವೊಂದರಲ್ಲಿ ನಗರದಿಂದ ಬಂದ ಗೊಬ್ಬರದ ಲೋಡು ಇಳಿದಿದ್ದುದನ್ನು ಕಂಡು ನಿಂತೆ. ಹೊಲದ ಒಡೆಯ ಹಿಡಿಯಷ್ಟನ್ನು ಕೈಗೆತ್ತಿಕೊಂಡು ಮೂಸಿ, ಬೆರಳುಗಳ ನಡುವೆ ಉಜ್ಜಿ, ತೃಪ್ತಿಯಿಂದ ತಲೆದೂಗಿದನು. ಅನಂತರ ಹೆಂಡತಿಯೊಡನೆ ಜರಡಿ ಹಿಡಿದನು. ಕೆಳಗೆ ಕಪ್ಪು ಮಣ್ಣು ಉದುರಿತು. ಮೇಲೆ ಹಾಲಿನ ಪ್ಯಾಕೆಟ್ಟಿನ ಕತ್ತರಿಸಿದ ಮೂಲೆಗಳು, ಶಾಂಪೂವಿನ ಚೀಟಿ, ಟೂತ್‌ಬ್ರಷ್ಷಿನ ತುಂಡು, ಗಾಜಿನ ಚೂರುಗಳು ಉಳಿದುವು. “ಗೊಬ್ರ ಚೆನ್ನಾಗೈತೆ ಸ್ವಾಮಿ, ಆರ್ಸಿ ಕಳ್ಸಿದ್ರೆ ಇನ್ನೆರಡ್ ಲೋಡು ಹಾಕುಸ್ಕಂತಿದ್ದೆ” ಎಂದು, ಜರಡಿಯನ್ನು ಬದುವಿನಾಚೆ ಕೊಡವಿ, ಮತ್ತೊಂದು ಮಂಕರಿಗೆ ಬಾಗಿದನು.