ಟೇಲರ್ ಸಾಹೇಬನ ಬೆನ್ನುಹತ್ತಿ

ವರ್ಷಕ್ಕೊಮ್ಮೆ, ಚಳಿಗಾಲದ ಒಂದು ಭಾನುವಾರ, ಬಳಿಚಕ್ರದಿಂದ ಎರಡು ಕ್ರೂಸರ್ ಗಾಡಿಗಳು ಹೊರಡುತ್ತವೆ. ಸುತ್ತಲ ಹಳ್ಳಿಗಳಿಂದ ಯಾದಗಿರಿಗೆ ಡಿಗ್ರಿ ಓದಲು ಹೋಗುವ ಹುಡುಗ ಹುಡುಗಿಯರು ಅದರಲ್ಲಿ ಇರುತ್ತಾರೆ. ಇತಿಹಾಸ ಕಲಿಸುವ ನಾನು ಅವರ ಗೈಡು. ಶಾಲೆಯ ಪ್ರವಾಸದಲ್ಲಿ ಇವರು ಹಂಪಿ ನೋಡಿರುತ್ತಾರೆ, ಬಿಜಾಪುರದ ಗೋಳಗುಮ್ಮಟದಲ್ಲಿ ಕೂಗಿ ಬಂದಿರುತ್ತಾರೆ. ಆದರೆ ಮನೆಯಿಂದ ಎರಡು ತಾಸಿನ ದಾರಿಯಲ್ಲಿರುವ ವಿಭೂತಿಹಳ್ಳಿಯನ್ನು ನೋಡಿರುವುದಿಲ್ಲ. ನಮ್ಮದು 2010ರಲ್ಲಿ ಶುರುವಾದ ಜಿಲ್ಲೆ, ಅದರಲ್ಲಿ ನೋಡುವಂಥದ್ದು ಏನಿದ್ದೀತು ಎಂಬ ಅನುಮಾನ ಮಕ್ಕಳಿಗಿರಲಿ, ಅವರ ಮಾಸ್ತರರಿಗೂ ಇರುತ್ತದೆ.

ಎಷ್ಟೋ ವರ್ಷ ಈ ಕೆಲಸ ಮಾಡಿದ ಮೇಲೆ ನನಗೊಂದು ಸಂಗತಿ ಹೊಳೆಯಿತು. ದಿನವಿಡೀ ನಾನು ಹೇಳುವುದರಲ್ಲಿ ಅರ್ಧಕ್ಕಿಂತ ಹೆಚ್ಚು ಒಬ್ಬನೇ ಮನುಷ್ಯ ಬರೆದಿಟ್ಟದ್ದು. ಹೊಳೆಯಿತು ಅನ್ನುವುದು ಪೂರ್ತಿ ನಿಜವಲ್ಲ, ಒಬ್ಬಳು ಹುಡುಗಿ ಕೇಳಿದಳು. ಅದನ್ನು ಹೇಳಲಿಕ್ಕೆ ದಾರಿಯುದ್ದಕ್ಕೂ ಹೋಗಬೇಕು.

ಯಾದಗಿರಿಯಲ್ಲಿ ಸುಸ್ಲಾ, ಮಿರ್ಚಿ ಭಜಿ ಮುಗಿಸಿ ಮೊದಲು ಕೋಟೆ ಹತ್ತುತ್ತೇವೆ. ಚಾಲುಕ್ಯರು, ಯಾದವರು, ಬಹಮನಿಗಳು, ಆದಿಲಶಾಹಿಗಳು, ನಿಜಾಮರು ಎಂದು ಹೆಸರು ಹೇಳುತ್ತ ಹೋದರೆ ಮಕ್ಕಳು ಪರೀಕ್ಷೆಯ ಪಾಠ ಕೇಳಿದಂತೆ ತಲೆಯಾಡಿಸುತ್ತಾರೆ. ನಾನೂ ಅಲ್ಲಿ ಹೆಚ್ಚು ನಿಲ್ಲುವುದಿಲ್ಲ. ಭೀಮಾ ನದಿ ದಾಟಿ ಶಹಾಪುರದ ಕಡೆ ಬಂದರೆ ಗುಡ್ಡಗಳ ಸಾಲು ಅಂಗಾತ ಮಲಗಿದ ಮನುಷ್ಯನ ಹಾಗೆ ಕಾಣುತ್ತದೆ. ಹಣೆ, ಮೂಗು, ಗದ್ದ, ಎದೆ. ಮಲಗಿದ ಬುದ್ಧ ಎಂದು ಎಲ್ಲರೂ ಮೊಬೈಲ್ ಎತ್ತುತ್ತಾರೆ. ಯಾರೂ ಕೆತ್ತಿದ್ದಲ್ಲ, ಬೇರೆ ಬೇರೆ ಗುಡ್ಡಗಳು ಒಂದು ಕೋನದಿಂದ ಒಂದೇ ದೇಹವಾಗಿ ಕಾಣುತ್ತವೆ. ನಾಲ್ಕು ಹೆಜ್ಜೆ ಆಚೀಚೆ ಸರಿದು ನಿಂತರೆ ಬುದ್ಧ ಇಲ್ಲ, ಗುಡ್ಡ ಮಾತ್ರ.

ವಿಭೂತಿಹಳ್ಳಿ ಹಾಗಲ್ಲ. ಅಲ್ಲಿನ ಬಂಡೆಗಳನ್ನು ಮನುಷ್ಯರೇ ಉರುಳಿಸಿ ತಂದು ಇಟ್ಟಿದ್ದಾರೆ. ಸಾಲಿಗೆ ಸಾಲು, ಪ್ರತಿ ನಾಲ್ಕು ಕಲ್ಲಿನ ಚೌಕಕ್ಕೆ ನಡುವೆ ಒಂದು ಕಲ್ಲು. ಹಾಗಾಗಿ ನೇರ ನೋಡಿದರೂ ಸಾಲು, ಓರೆಯಾಗಿ ನೋಡಿದರೂ ಸಾಲು. ಕೆಲವು ಸ್ಥಾನ ತಪ್ಪಿವೆ, ಆದರೂ ಲೆಕ್ಕ ಕಣ್ಣಿಗೆ ಸಿಗುತ್ತದೆ. ಬೃಹತ್ ಶಿಲಾಯುಗದ ಕಾಲದ್ದು ಎಂದು ಪುರಾತತ್ವದವರು ಹೇಳುತ್ತಾರೆ. 1956ರಲ್ಲಿ ರೇಮಂಡ್ ಆಲ್ಚಿನ್ ಈ ಭಾಗದ ಇಂಥ ಶಿಲಾಸಾಲುಗಳ ಬಗ್ಗೆ ಬರೆದರು. ಆಮೇಲೆ ಖಗೋಳ ವಿಜ್ಞಾನಿ ಎನ್. ಕಾಮೇಶ್ವರ ರಾವ್ ಅವರು ಈ ಸಾಲುಗಳಿಗೂ ಸೂರ್ಯ ಹುಟ್ಟುವ, ಮುಳುಗುವ ದಿಕ್ಕುಗಳಿಗೂ ಸಂಬಂಧ ಇರಬಹುದೇ ಎಂದು ಪರಿಶೀಲಿಸಿದರು. ಇವರಿಬ್ಬರಿಗೂ ಮೊದಲೇ, 1850ರ ದಶಕದಲ್ಲಿ, ಈ ಬಯಲನ್ನು ಲೋಕಕ್ಕೆ ಪರಿಚಯಿಸಿದವನು ಫಿಲಿಪ್ ಮೆಡೋಸ್ ಟೇಲರ್.

ಟೇಲರ್ 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿದವನು. ಹದಿನೈದು ದಾಟಿದ ಹುಡುಗನಾಗಿ ಬೊಂಬಾಯಿಗೆ ಬಂದು ನಿಜಾಮನ ಸೈನ್ಯದಲ್ಲಿ ನೌಕರಿ ಹಿಡಿದ. 1839ರಲ್ಲಿ ಥಗ್ಗನೊಬ್ಬನ ತಪ್ಪೊಪ್ಪಿಗೆಯ ಕಾದಂಬರಿ ಬರೆದು ಇಂಗ್ಲೆಂಡಿನಲ್ಲಿ ಹೆಸರಾದ. 1841ರ ಸುಮಾರಿಗೆ ಸುರಪುರಕ್ಕೆ ಬಂದ. ರಾಜಾ ಕೃಷ್ಣಪ್ಪ ನಾಯಕ ತೀರಿಕೊಂಡಿದ್ದ, ಪಟ್ಟಕ್ಕೆ ಬಂದ ವೆಂಕಟಪ್ಪ ನಾಯಕ ಏಳು ವರ್ಷದ ಕೂಸು. ತಾಯಿ ರಾಣಿ ಈಶ್ವರಮ್ಮನಿಗೂ ದಾಯಾದಿಗಳಿಗೂ ಜಗಳ, ಸಂಸ್ಥಾನದ ಮೇಲೆ ನಜರಾನೆಯ ಬಾಕಿ. ಅಲ್ಲಿ 1853ರವರೆಗೆ ಟೇಲರನದೇ ಆಡಳಿತ. ಬೋನಾಳ ಕೆರೆಯನ್ನು ದುರಸ್ತಿ ಮಾಡಿಸಿದ, ಗುಡ್ಡದ ಮೇಲೆ ಮನೆ ಕಟ್ಟಿಸಿದ. ಬಿಡುವಿನಲ್ಲಿ ಹಳೆಯ ಗೋರಿಗಳನ್ನು ಅಗೆಸಿದ.

ಈ ಅಗೆತದ ಬಗ್ಗೆ ಒಂದು ಮಾತು ಹೇಳಲೇಬೇಕು. ಆ ಕಾಲದ ದೊರೆಗಳು ಗೋರಿ ಅಗೆದರೆ ಗಡಿಗೆ, ಮಣಿ, ಕತ್ತಿ ಎತ್ತಿಕೊಂಡು ಹೋಗುತ್ತಿದ್ದರು. ಟೇಲರ್ ಮಾತ್ರ ಜೇವರ್ಗಿಯ ಹತ್ತಿರ ಅಗೆದಾಗ ಮಣ್ಣಿನ ಯಾವ ಪದರದಲ್ಲಿ ಏನಿತ್ತು ಎಂಬುದನ್ನು ಕೊಯ್ದು ತೋರಿಸಿದ ಹಾಗೆ ಚಿತ್ರ ಬರೆದಿಟ್ಟ. ನೂರು ವರ್ಷದ ಮೇಲೆ ಮಾರ್ಟಿಮರ್ ವೀಲರ್‌ನಂಥ ಕಟ್ಟುನಿಟ್ಟಿನ ಮನುಷ್ಯ ಆ ಚಿತ್ರಗಳನ್ನು ಹೊಗಳಿದ್ದಾನೆ. ಕೈ ಅಷ್ಟು ಶಿಸ್ತಿನದು. ತಲೆಯಲ್ಲಿದ್ದ ವಿಚಾರ ಮಾತ್ರ ಆ ಕಾಲದ್ದೇ. ನಮ್ಮ ಕಲ್ಲುಗಳು ಬ್ರಿಟನ್ನಿನ ಪ್ರಾಚೀನ ಕಲ್ಲುಗಳ ಹಾಗೆ ಕಾಣುತ್ತವೆ, ಆದ್ದರಿಂದ ಎರಡನ್ನೂ ಇಟ್ಟವರು ಒಂದೇ ಮೂಲದ ಸಿಥಿಯನ್ ಅಥವಾ ಕೆಲ್ಟಿಕ್ ಜನ ಎಂದು ಅವನು ವಾದಿಸಿದ. ಈಗ ಅದನ್ನು ಯಾರೂ ಒಪ್ಪುವುದಿಲ್ಲ. ರಾಜನಕೋಳೂರಿನ ಕಲ್ಲಿನ ಗೋರಿಮನೆಗಳನ್ನು ನಮ್ಮ ಜನ ಮೋರೇರ ಮನೆ ಎನ್ನುತ್ತಾರೆ, ಮೂರು ಗೇಣಿನ ಕುಳ್ಳರು ಅಲ್ಲಿ ಇದ್ದರಂತೆ. ಅದೂ ಊಹೆಯೇ. ಆದರೆ ಅದನ್ನು ನಾವು ಮೂಢನಂಬಿಕೆ ಎಂದೂ, ಟೇಲರನದನ್ನು ಸಿದ್ಧಾಂತ ಎಂದೂ ಕರೆಯುತ್ತ ಬಂದಿದ್ದೇವೆ.

ಆ ವರ್ಷದ ತಂಡದಲ್ಲಿ ಸುರಪುರದ ಹುಡುಗಿಯೊಬ್ಬಳಿದ್ದಳು. ಬಳಿಚಕ್ರದಲ್ಲಿ ಸೋದರಮಾವನ ಮನೆಯಲ್ಲಿದ್ದು ಓದುತ್ತಿದ್ದಳು. ವಿಭೂತಿಹಳ್ಳಿಯಲ್ಲಿ ಕೇಳಿದಳು: “ಸರ್, ಇಷ್ಟು ದೊಡ್ಡ ಕಲ್ಲು, ಇಲ್ಲಿ ಮಂದಿಗಿ ಕಾಣ್ಲಿಲ್ಲೇನ್ರಿ? ಅಂವಾ ಬಂದು ಹೇಳ್ಬೇಕಾಯ್ತಾ?” ಕಂಡಿತ್ತು, ಬರೆಯಲಿಲ್ಲ ಅಷ್ಟೇ ಎಂದೆ. ಆಕೆ ಸುಮ್ಮನಾದಳು. ಒಪ್ಪಿಕೊಂಡ ಸುಮ್ಮನಲ್ಲ.

ಮಧ್ಯಾಹ್ನ ಸುರಪುರ. ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಬಿಚ್ಚಿ ಉಂಡು, ಟೇಲರ್ ಮಂಜಿಲ್ ಇರುವ ಗುಡ್ಡಕ್ಕೆ ಹೋಗುತ್ತೇವೆ. ಅಲ್ಲಿಂದ ಊರು, ಬಂಡೆಗುಡ್ಡಗಳು ಎಲ್ಲ ಕಾಣುತ್ತವೆ. ಅಲ್ಲಿ ನಿಂತು ನಾನು ಮೊದಲು ವಾಗಣಗೇರಿಯ ಕತೆ ಹೇಳುತ್ತೇನೆ. 1705ರಲ್ಲಿ ಮುದಿ ಔರಂಗಜೇಬ ತಾನೇ ದಂಡು ತಂದು ಬೇಡರ ನಾಯಕನ ಆ ಕೋಟೆಗೆ ಮುತ್ತಿಗೆ ಹಾಕಿದ. ಅವನು ಖುದ್ದಾಗಿ ನಡೆಸಿದ ಕೊನೆಯ ಮುತ್ತಿಗೆ ಅದು. ಮೂರು ತಿಂಗಳು ಕಾದ ಮೇಲೆ ಸಿಕ್ಕದ್ದು ಬರಿದಾದ, ಉರಿಯುತ್ತಿದ್ದ ಕೋಟೆ. ಪಿಡ್ಡನಾಯಕ ರಾತ್ರೋರಾತ್ರಿ ಜಾರಿಕೊಂಡಿದ್ದ. ಅಲ್ಲಿಂದ ಹತ್ತಿರದ ದೇವಾಪುರಕ್ಕೆ ಬಂದ ಬಾದಶಹ ಕಾಯಿಲೆ ಬಿದ್ದು ತಿಂಗಳುಗಟ್ಟಲೆ ಅಲ್ಲೇ ಉಳಿದ, ಎರಡು ವರ್ಷಕ್ಕೆ ಸತ್ತ. ಹುಡುಗರು ಇಲ್ಲಿ ಚಪ್ಪಾಳೆ ತಟ್ಟುತ್ತಾರೆ. ಆಮೇಲೆ ಬರುವುದು 1858.

ಅದನ್ನು ನಾನು ನಾಟಕದ ಹಾಗೆ ಹೇಳುತ್ತಿದ್ದೆ, ಒಪ್ಪಿಕೊಳ್ಳುತ್ತೇನೆ. ಫೆಬ್ರವರಿ ಎರಡನೆಯ ವಾರ. ಕಂಪನಿಯ ಪಡೆಗಳು ಸುರಪುರವನ್ನು ಸುತ್ತುವರಿದಿವೆ. 8ನೇ ತಾರೀಖಿನ ಕಾದಾಟದಲ್ಲಿ ಕ್ಯಾಪ್ಟನ್ ನ್ಯೂಬೆರಿ ಸತ್ತ, ಜೊತೆಯ ಲೆಫ್ಟಿನೆಂಟ್ ಸ್ಟೀವರ್ಟ್ ಕೂಡ ಉಳಿಯಲಿಲ್ಲ. ಆ ರಾತ್ರಿ ರಾಜ ಕೆಲವೇ ಸವಾರರೊಂದಿಗೆ ಹೈದರಾಬಾದಿಗೆ ಹೋದ, ಅಲ್ಲಿ ಸಿಕ್ಕಿಬಿದ್ದ. ಅವನನ್ನು ಕಾಣಲು ಟೇಲರ್ ಬಂದ. ಹುಡುಗನಾಗಿದ್ದಾಗಿನಿಂದ ಅವನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದ ರಾಜ ಅವನನ್ನು ಹಿಡಿದುಕೊಂಡು ಅತ್ತ. ಯಾರು ಯಾರು ಪ್ರಚೋದಿಸಿದರು ಹೇಳು ಎಂದರೆ ಒಂದು ಹೆಸರೂ ಹೇಳಲಿಲ್ಲ. ಕಳ್ಳನ ಹಾಗೆ ನೇಣು ಬೇಡ, ತೋಪಿನ ಬಾಯಿಗೆ ಕಟ್ಟಿರಿ ಎಂದ. ಮರಣದಂಡನೆ ಇಳಿಯುತ್ತ ಇಳಿಯುತ್ತ ನಾಲ್ಕು ವರ್ಷದ ಸೆರೆಯಾಯಿತು. ಚೆಂಗಲಪಟ್ಟಿಗೆ ಕರೆದೊಯ್ಯುವ ದಾರಿಯ ಬಿಡಾರದಲ್ಲಿ, ಕಾವಲಿನ ಅಧಿಕಾರಿಯ ರಿವಾಲ್ವರ್ ರಾಜನ ಕೈಗೆ ಸಿಕ್ಕಿತು. ಒಂದು ಗುಂಡಿನ ಸಪ್ಪಳ. ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಅವನಿಗೆ ಸಾವು ಎಂದು ಜಾತಕ ಬರೆದ ಜೋಯಿಸರು ಮೊದಲೇ ಹೇಳಿದ್ದರು, ಅದೇ ವಯಸ್ಸು.

ಇಲ್ಲಿಗೆ ನಿಲ್ಲಿಸಿ ನಾನು ಗುಡ್ಡದ ಕಡೆ ನೋಡುವುದು ರೂಢಿ. ಆ ಸಲ ನೋಡುವಷ್ಟರಲ್ಲಿ ಆ ಹುಡುಗಿ, “ನಮ್ಮಜ್ಜಿ ಹಂಗ ಹೇಳಂಗಿಲ್ರಿ ಸರ್” ಅಂದಳು. “ರಾಜಾ ತಾನಾ ಗುಂಡು ಹಾಕ್ಕೊಂಡಿಲ್ಲಂತ್ರಿ. ಅವ್ರೇ ಹೊಡ್ದಾರಂತ.”

ಪುಸ್ತಕದಲ್ಲಿ ಹಾಗಿಲ್ಲ ಎಂದು ಹೇಳಬಹುದಿತ್ತು, ಬಾಯಿಯ ತುದಿಗೂ ಬಂದಿತ್ತು. ಯಾವ ಪುಸ್ತಕ? ಟೇಲರನ ಆತ್ಮಕತೆ. ಅವನು 1876ರಲ್ಲಿ ಸತ್ತ, ಮಾರನೆಯ ವರ್ಷ ಮಗಳು ಅದನ್ನು ಅಚ್ಚಿಗೆ ಕೊಟ್ಟಳು. ಗುಂಡಿನ ಸಪ್ಪಳ ಕೇಳಿದಾಗ ಟೇಲರ್ ಆ ಬಿಡಾರದಲ್ಲಿ ಇರಲಿಲ್ಲ. ಕಾವಲಿನ ಕಡೆಯವರು ಹೇಳಿದ್ದನ್ನು ಅವನು ಬರೆದ. ತನ್ನ ವಶದಲ್ಲಿದ್ದ ಕೈದಿ ತನ್ನದೇ ರಿವಾಲ್ವರಿನಿಂದ ಸತ್ತಾಗ ಅಧಿಕಾರಿ ಬೇರೆ ಇನ್ನೇನು ಹೇಳಿಯಾನು? ಹಾಗೆಂದು ಅವನು ಹೇಳಿದ್ದು ಸುಳ್ಳು ಎನ್ನಲೂ ನನ್ನ ಬಳಿ ಏನೂ ಇಲ್ಲ. ಅಪಮಾನದಲ್ಲಿ ಬೆಂದ ಇಪ್ಪತ್ತನಾಲ್ಕರ ರಾಜ ಗುಂಡು ಹಾಕಿಕೊಂಡಿರಲು ಸಾಧ್ಯ. ಆದರೆ ಇಷ್ಟು ವರ್ಷ ನಾನು ಮಕ್ಕಳಿಗೆ ಅದನ್ನು ಸಾಧ್ಯ ಎಂದು ಹೇಳಿರಲಿಲ್ಲ, ಆಯಿತು ಎಂದೇ ಹೇಳಿದ್ದೆ.

ಆ ರಾತ್ರಿ ಮನೆಗೆ ಬಂದು ಆತ್ಮಕತೆಯ ಸುರಪುರದ ಭಾಗ ಮತ್ತೆ ತೆಗೆದೆ. ಮೊದಲು ಓದಿದಾಗ ಕಣ್ಣು ಒದ್ದೆಯಾಗಿತ್ತು. ಈ ಸಲ ಬೇರೆ ಕಂಡಿತು. ಸೆರೆಯ ಭೇಟಿ, ಜಾತಕದ ಭವಿಷ್ಯ, ರಿವಾಲ್ವರ್: ಎಷ್ಟು ಚೆನ್ನಾಗಿ ಒಂದಕ್ಕೊಂದು ಕೂಡಿಕೊಳ್ಳುತ್ತವೆ! ಬರೆದವನು ಕಾದಂಬರಿಕಾರ, 1857ರ ದಂಗೆಯನ್ನೇ ಇಟ್ಟುಕೊಂಡು 1872ರಲ್ಲಿ ‘ಸೀತಾ’ ಎಂಬ ಕಾದಂಬರಿ ಬರೆದವನು. ಜೇವರ್ಗಿಯ ಮಣ್ಣಿನ ಪದರಗಳನ್ನು ಇದ್ದದ್ದು ಇದ್ದ ಹಾಗೆ ಬರೆದ ಕೈಗೆ ಮನುಷ್ಯರ ಕತೆ ಬಂದರೆ ಒಂದು ಅಂತ್ಯ ಬೇಕು. ತಾನು ಸಾಕಿ ಬೆಳೆಸಿದ ಹುಡುಗ ತನ್ನ ಸರ್ಕಾರದ ಕೈಯಲ್ಲಿ ಹಾಳಾದ ಎಂದು ಒಪ್ಪುವುದಕ್ಕಿಂತ ಹಣೆಬರಹ ಹಾಗಿತ್ತು ಎನ್ನುವುದು ಸುಲಭ. ಅವನ ಪ್ರೀತಿ ನಾಟಕವೆಂದು ನಾನು ಹೇಳುತ್ತಿಲ್ಲ. ದುಃಖ ನಿಜವಾದದ್ದು ಅಂತಲೇ ನನಗೆ ಅನ್ನಿಸುತ್ತದೆ, ಜಾತಕ ಆ ದುಃಖಕ್ಕೆ ಆಸರೆಯಾಗಿದೆ.

ರಾಣಿ ಈಶ್ವರಮ್ಮನದು ಇನ್ನೂ ಕಷ್ಟ. ಟೇಲರನ ಪುಟಗಳಲ್ಲಿ ಆಕೆ ಹಟಮಾರಿ, ನಡತೆಗೆಟ್ಟವಳು, ಮಗನನ್ನು ಹಾಳುಮಾಡಿದವಳು. ಗಂಡ ಸತ್ತು, ಕೂಸು ಪಟ್ಟದಲ್ಲಿದ್ದು, ದಾಯಾದಿಗಳು ಬಾಗಿಲಲ್ಲಿ ನಿಂತಿದ್ದಾಗ ಹೊರಗಿನ ಅಧಿಕಾರಿಗೆ ಖಜಾನೆಯ ಕೀಲಿ ಕೊಡಲು ಒಪ್ಪದ ಹೆಣ್ಣುಮಗಳನ್ನು ಅವನು ಇನ್ನು ಹೇಗೆ ವರ್ಣಿಸಿಯಾನು? ಈಶ್ವರಮ್ಮ ಆತ್ಮಕತೆ ಬರೆಯಲಿಲ್ಲ. ರಾಜ ಸೆರೆಯಾದ ಮೇಲೆ ಸುರಪುರದ ಆಡಳಿತಕ್ಕೆ ಮತ್ತೆ ಬಂದವನೂ ಟೇಲರನೇ. 1860ರಲ್ಲಿ ಆರೋಗ್ಯ ಕೆಟ್ಟು ಅವನು ಊರಿಗೆ ಹೊರಟ, ಸಂಸ್ಥಾನ ನಿಜಾಮನ ಪಾಲಾಯಿತು.

ಅಂದು ಸುರಪುರದಿಂದ ಹುಣಸಗಿಯ ಕಡೆ ಇಸಾಂಪುರಕ್ಕೆ ಹೋಗುವಷ್ಟರಲ್ಲಿ ಹೊತ್ತು ಇಳಿದಿತ್ತು. ಇಲ್ಲಿ ರಾಜರಿಲ್ಲ, ದೊರೆಗಳಿಲ್ಲ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು ಈ ದೋಆಬಿನಲ್ಲಿ ದಶಕಗಟ್ಟಲೆ ಕಾಲ್ನಡಿಗೆಯಲ್ಲಿ ತಿರುಗಿ, ಆದಿಮಾನವರು ಸುಣ್ಣಕಲ್ಲಿನ ಚಪ್ಪಡಿ ಒಡೆದು ಕೈಗೊಡಲಿ ಮಾಡುತ್ತಿದ್ದ ಜಾಗವನ್ನು ಅಗೆದು ತೋರಿಸಿದರು. ಅಲ್ಲಿ ಸಿಕ್ಕ ಪ್ರಾಣಿಗಳ ಹಲ್ಲನ್ನು ಪರೀಕ್ಷಿಸಿ ಲೆಕ್ಕ ಹಾಕಿದಾಗ ಬಂದ ಕಾಲ ಸುಮಾರು 12 ಲಕ್ಷ ವರ್ಷ. ನೋಡಲು ಏನೂ ಇಲ್ಲ, ಹೊಲ ಮತ್ತು ಕಲ್ಲು. ಹುಡುಗರು ಬೇಗ ಬೇಸತ್ತರು, ಚಹಾ ಎಲ್ಲಿ ಸಿಗುತ್ತದೆ ಎಂದು ಡ್ರೈವರನನ್ನು ಕೇಳತೊಡಗಿದರು. ಅಲ್ಲಿ ಹೇಳಲಿಕ್ಕೆ ನನ್ನ ಬಳಿ ಕತೆಯಿಲ್ಲ, ಅವತ್ತು ಅದು ಒಳ್ಳೆಯದೇ ಆಯಿತು.

ಸನ್ನತಿಗೆ ಹೋಗಲು ಇನ್ನೊಂದು ದಿನವೇ ಬೇಕು. 1986ರಲ್ಲಿ ಅಲ್ಲಿನ ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಚಾವಣಿ ಕುಸಿದು, ಕಾಳಿಯ ವಿಗ್ರಹದ ಪೀಠಕ್ಕೆ ಬಳಸಿದ್ದ ಚಪ್ಪಡಿಯ ಮೇಲೆ ಅಶೋಕನ ಶಾಸನ ಸಿಕ್ಕಿತು. ಅದನ್ನು ದಾರಿಯಲ್ಲಿ ಹೇಳಿದೆ. ಶತಮಾನಗಟ್ಟಲೆ ಅಲ್ಲಿ ಪೂಜೆ ಮಾಡಿದವರಿಗೆ, ತಮ್ಮ ದೇವಿಯ ಕಾಲಕೆಳಗೆ ಯಾರ ಮಾತಿದೆ ಎಂದು ಗೊತ್ತಿರಲಿಲ್ಲ.

ಕತ್ತಲಲ್ಲಿ ಭೀಮಾ ಸೇತುವೆಯ ಹತ್ತಿರ ಚಹಾಕ್ಕೆ ನಿಂತಾಗ ಆ ಹುಡುಗಿಗೆ ಹೇಳಿದೆ: “ಅಜ್ಜಿಗೆ ಫೋನ್ ಹಚ್ಚವ್ವ. ಈ ಮಾತು ಅವರಿಗೆ ಯಾರು ಹೇಳಿದ್ರು ಕೇಳು.” ಟೇಲರನನ್ನು ಕೇಳುವ ಪ್ರಶ್ನೆಯನ್ನು ಅಜ್ಜಿಯನ್ನೂ ಕೇಳಬೇಕಲ್ಲ. ಆಕೆ ಸ್ಪೀಕರ್ ಹಾಕಿದಳು. ಎಂಬತ್ತರ ಅಜ್ಜಿ ಮೊದಲು ಊಟ ಆಯ್ತೇನು, ಎಷ್ಟೊತ್ತಿಗೆ ಮನೆ ಮುಟ್ಟುತ್ತಿ ಎಂದು ವಿಚಾರಿಸಿದರು. ಆಮೇಲೆ, “ನಮ್ಮತ್ತಿ ಹೇಳ್ತಿದ್ಳವಾ. ಅಕಿಗಿ ಅಕಿ ಅಜ್ಜಿ ಹೇಳಿದ್ಳಂತ” ಅಂದರು. ನಾನು ಚಹಾದ ಲೋಟ ಹಿಡಿದು ಲೆಕ್ಕ ಹಾಕಿದೆ. ಅಜ್ಜಿ, ಅಜ್ಜಿಯ ಅತ್ತೆ, ಅತ್ತೆಯ ಅಜ್ಜಿ. ಆ ಕೊನೆಯಾಕೆ ಹುಟ್ಟಿದ್ದು ಹೆಚ್ಚುಕಡಿಮೆ 1858ರ ಆಸುಪಾಸು. ಆಕೆಗೆ ಯಾರು ಹೇಳಿದರು ಎಂದು ಕೇಳಬೇಕೆನ್ನುವಷ್ಟರಲ್ಲಿ ಡ್ರೈವರ್ ಹಾರನ್ ಹೊಡೆದ. ಅಜ್ಜಿ ಆ ಕಡೆಯಿಂದ, “ಯಾಕವಾ, ನಿಮ್ ಸರ್‌ಗ ಅದೆಲ್ಲ ಗೊತ್ತಿಲ್ಲೇನು?” ಎಂದು ಕೇಳುತ್ತಿದ್ದರು.